ಗೂಡಿನ ಜೊತೆ ಬೆಂದ ಡಬ್ಬಿ

ಎರಡೂ ತೋಳನ್ನು ಭುಜದ ತನಕ ರೇಷ್ಮೆಗೂಡಿನೊಳಕ್ಕೆ ತೂರಿಸಿ, ಗಲ್ಲವನ್ನು ಕ್ರೇಟಿನ ಅಂಚಿಗೊತ್ತಿ, ಕಣ್ಣು ಮುಚ್ಚಿಕೊಂಡು ವೆಂಕಟರಾಮಪ್ಪ ತಳ ತಡಕುತ್ತಿದ್ದ. ಮೀಸೆಗೆ ಗೂಡಿನ ನೂಲು ಸುತ್ತಿಕೊಂಡಿತ್ತು.

"ಸಿಕ್ತಾ ಗೌಡ್ರೇ?" ಗೂಡಿನಿಂದ ನೂಲು ತೆಗೆಯುವ ತನ್ನ ಫಿಲೇಚರಿನ ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದ ಖಲೀಮುಲ್ಲಾ ಕೇಳಿದ.

"ಇನ್ನೂ ಇಲ್ಲ."

"ಕಣ್ಣ್ಯಾಕೆ ಮುಚ್ಕೊಂಡಿದೀರ?"

"ಕಣ್ ಮುಚ್ಚಿದ್ರೆ ಬೆರಳಿಗೆ ಬುದ್ಧಿ ಬರ್ತದೆ ಕಣಪ್ಪ."

"ಹಂಗಾದ್ರೆ ಬೆಳಿಗ್ಗೆ ಮಾರ್ಕೆಟ್ನಲ್ಲಿ ಪೂರ್ತಿ ಕಣ್ ಬಿಟ್ಕೊಂಡೇ ಇದ್ರಿ ಅನ್ನಿ."

ವೆಂಕಟರಾಮಪ್ಪ ಕ್ರೇಟನ್ನು ಎತ್ತಿ ನೆಲದ ಮೇಲೆ ಬೋರಲು ಹಾಕಿದ. ಹಳದಿ ಗೂಡುಗಳು ಸಿಮೆಂಟಿನ ಮೇಲೆ ಪುಟಪುಟನೆ ಹರಡಿಕೊಂಡವು. ಇಲ್ಲ. ಇದು ನಾಲ್ಕನೇ ಕ್ರೇಟು. ಐದನೆಯದು ಬಾಕಿಯಿತ್ತು. ಆರನೆಯದರ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಅದರಲ್ಲಿದ್ದ ಗೂಡನ್ನು ಖಲೀಮುಲ್ಲಾನ ಹೆಂಡತಿ ಮಹಮೂದಾ ಅರ್ಧ ಗಂಟೆಯ ಹಿಂದೆಯೇ ಕುದಿಯುವ ನೀರಿಗೆ ಸುರಿದಾಗಿತ್ತು.

ಕಳೆದುಹೋದದ್ದು ನಶ್ಯದ ಡಬ್ಬಿ. ನಶ್ಯದ ಡಬ್ಬಿ ಅಂದಕೂಡಲೇ ಪೆಟ್ಟಿಗೆ ಅಂಗಡಿಯಲ್ಲಿ ಸಿಗುವ ತಗಡಿನದ್ದು ಅಂದುಕೊಳ್ಳುವವರನ್ನು ವೆಂಕಟರಾಮಪ್ಪ ಜೀವಮಾನವಿಡೀ ತಿದ್ದಿಕೊಂಡು ಬಂದಿದ್ದ. ಇದು ಅಂಗೈಯಲ್ಲಿ ಹಿಡಿಸುವಂಥ, ಮೊಟ್ಟೆಯಾಕಾರದ, ಅಪ್ಪಟ ಚಿನ್ನದ್ದು. ಚಿನ್ನದ ಮೈಮೇಲೆ ಕೂದಲೆಳೆಯಂಥ ಗೀರುಗಳನ್ನು ಅಲೆಅಲೆಯಾಗಿ ಕೊರೆದು, ಅದರ ಮೇಲೆ ಗಾಜಿನಂಥ ನೀಲಿಯನ್ನು ಕರಗಿಸಿ ಕೂರಿಸಿದ ಮೀನಾಕಾರಿ. ಡಬ್ಬಿಯನ್ನು ಒಂದಿಷ್ಟು ಓರೆ ಮಾಡಿದರೆ ಸಾಕು, ಗಾಳಿ ಬೀಸಿದ ಕೆರೆಯ ಹಾಗೆ ಆ ನೀಲಿಯೊಳಗೆ ಅಲೆ ಏಳುತ್ತಿತ್ತು. ಮುಚ್ಚಳದ ಅಂಚಿಗೆ ಹಸಿರೆಲೆಯ ತೋರಣ. ತೋರಣದ ನಡುವೆ ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡ ಚಿತ್ರ: ಗುಂಗುರು ಕೂದಲಿನ ಒಬ್ಬ ದೊರೆಸಾನಿ ಮೇಜಿನ ಮುಂದೆ ಕೂತು, ಎರಡು ಬೆರಳ ನಡುವೆ ಚಿಟಿಕೆ ನಶ್ಯ ಹಿಡಿದು, ಮೂಗಿನ ಹತ್ತಿರಕ್ಕೆ ಒಯ್ಯುತ್ತಿದ್ದಾಳೆ.

ಇದು ಸಾದಲಿ ಊರಿನ ವೆಂಕಟರಾಮಪ್ಪನ ಮನೆಗೆ ಬಂದ ಬಗೆಯನ್ನು ಕೇಳದವರು ಸಾದಲಿಯಲ್ಲಿ ಇರಲಿಲ್ಲ. ಮುತ್ತಾತ ಪಟೇಲ್ ನಲ್ಲಪ್ಪ ಒಂದು ದಿನ ಬೆಟ್ಟದ ದಾರಿಯಲ್ಲಿ ಒಬ್ಬ ದೊರೆಯನ್ನು ಕರಡಿಯ ಬಾಯಿಂದ ಬಿಡಿಸಿದನಂತೆ. ದೊರೆ ಮೆಚ್ಚಿ ತನ್ನ ಸ್ವಂತ ಡಬ್ಬಿಯನ್ನೇ ಕೊಟ್ಟು ಕೈ ಕುಲುಕಿದನಂತೆ. ವೆಂಕಟರಾಮಪ್ಪನ ತಂದೆಯ ಬಾಯಲ್ಲಿ ಒಂದೇ ಇದ್ದ ಕರಡಿ ಅವನ ಬಾಯಿಗೆ ಬರುವ ಹೊತ್ತಿಗೆ ಎರಡಾಗಿತ್ತು. ಅಂದಿನಿಂದ ಡಬ್ಬಿ ಹಿರಿಮಗನಿಂದ ಹಿರಿಮಗನಿಗೆ ದಾಟುತ್ತಿತ್ತು. ಯಾರ ಸೊಂಟದಲ್ಲಿ ಡಬ್ಬಿಯೋ ಅವನೇ ಮನೆಯ ಯಜಮಾನ. ಹೆಂಗಸರು ಅದನ್ನು ಮುಟ್ಟುವ ಹಾಗಿರಲಿಲ್ಲ. ಯಾಕೆ ಅಂತ ಯಾರೂ ಕೇಳಿರಲಿಲ್ಲ, ಕೇಳಬಹುದಾಗಿದ್ದವರೆಲ್ಲ ಹೆಂಗಸರೇ ಆಗಿದ್ದರಿಂದ.

ಇನ್ನೊಂದು ಕಟ್ಟಳೆಯಿತ್ತು. ಡಬ್ಬಿಯನ್ನು ತೊಳೆಯಬಾರದು. ಮೊಸರಿಗೆ ಹೆಪ್ಪು ಹೇಗೋ ಹಾಗೆ ಹೊಸ ನಶ್ಯಕ್ಕೆ ಹಳೇ ನಶ್ಯ. ತುಪ್ಪ, ಸುಣ್ಣ ಹಾಕಿ ಅರೆದ ಹೊಗೆಸೊಪ್ಪಿನ ಪುಡಿಯನ್ನು ತುಂಬುವ ಮೊದಲು ತಳದಲ್ಲಿ ಒಂದಿಷ್ಟು ಹಳೆಯದು ಉಳಿದಿರಲೇಬೇಕು. ಹೀಗೆ ನಲ್ಲಪ್ಪನ ಕಾಲದಿಂದ ಕಟ್ಟಿಕೊಂಡು ಬಂದಿದ್ದ ನಶ್ಯ ಡಬ್ಬಿಯ ಒಳಮೈಗೂ ಮುಚ್ಚಳದ ಒಳಭಾಗಕ್ಕೂ ಕರೀ ಅರಗಿನ ಹಾಗೆ ಹತ್ತಿ ಕಲ್ಲಾಗಿತ್ತು. ಅದು ಡಬ್ಬಿಯ ಒಳಪದರವೇ ಅಂತ ಎಲ್ಲರೂ ನಂಬಿದ್ದರು. ನಡುವೆ ಒಂದು ಸಣ್ಣ ಅಡ್ಡಗೋಡೆಯ ತುದಿ ಮಾತ್ರ ಮೇಲಕ್ಕೆ ಕಾಣುತ್ತಿತ್ತು. ಎಡಗಡೆ ತನಗೆ, ಬಲಗಡೆ ನೆಂಟರಿಗೆ ಎಂದು ವೆಂಕಟರಾಮಪ್ಪ ಅದಕ್ಕೊಂದು ಅರ್ಥವನ್ನೂ ಕೊಟ್ಟಿದ್ದ. ನೆಂಟರ ಕಡೆಯದ್ದು ಸ್ವಲ್ಪ ಹಳಸಲು.

ಇಂಥ ಡಬ್ಬಿ ಇವತ್ತು ಅವನ ಜೇಬಿನಲ್ಲಿ ಇರಬೇಕಾದದ್ದೇ ಅಲ್ಲ. ಅದನ್ನು ಮಧ್ಯಾಹ್ನ ಮೂರು ಗಂಟೆಗೆ ಯಾಮಿನಿ ಬಂದು ತೆಗೆದುಕೊಂಡು ಹೋಗುವುದೆಂದು ಗೊತ್ತಾಗಿತ್ತು. ಯಾಮಿನಿ ನಗರಗೆರೆಯಲ್ಲಿರುವ ಅವನ ಅಕ್ಕನ ಮೊಮ್ಮಗಳು. ಹಳೇ ಒಡವೆ, ಪೆಟ್ಟಿಗೆ, ಪಿಂಗಾಣಿಗಳ ಬಗ್ಗೆ ಓದಿ ಒಂದು ಮ್ಯೂಸಿಯಂನಲ್ಲಿ ಕೆಲಸ ಹಿಡಿದಿದ್ದ ಹುಡುಗಿ. ಜಿಲ್ಲೆಯ ಮನೆಮನೆಗಳಲ್ಲಿರುವ ಅಪರೂಪದ ವಸ್ತುಗಳದ್ದೊಂದು ಪ್ರದರ್ಶನ ಈ ಭಾನುವಾರ ಚಿಕ್ಕಬಳ್ಳಾಪುರದಲ್ಲಿ ಶುರುವಾಗುವುದಿತ್ತು. ಡಬ್ಬಿಯ ಫೋಟೋ ನೋಡಿಯೇ ಅವಳು ಕುಣಿದಾಡಿ, ಅದರ ಪಕ್ಕದಲ್ಲಿಡುವ ಫಲಕದ ಕರಡನ್ನು ತಾತನ ಮೊಬೈಲಿಗೆ ಕಳಿಸಿದ್ದಳು: 'ಪಟೇಲ್ ನಲ್ಲಪ್ಪನವರ ನಶ್ಯದ ಡಬ್ಬಿ. ಚಿನ್ನ, ಮೀನಾಕಾರಿ. ಸಂಗ್ರಹ: ವೆಂಕಟರಾಮಪ್ಪ, ಸಾದಲಿ.'

ಈ ಮೂರು ಸಾಲನ್ನು ವೆಂಕಟರಾಮಪ್ಪ ಊರಿಗೆಲ್ಲ ಓದಿಸಿದ್ದ. ಓದು ಬಾರದವರಿಗೆ ತಾನೇ ಓದಿ ಹೇಳಿದ್ದ. ಫಲಕವನ್ನು ಕಣ್ಣಾರೆ ನೋಡಲು ಭಾನುವಾರ ಸಾದಲಿಯಿಂದ ಇಪ್ಪತ್ತಾರು ಜನ ಮಿನಿಬಸ್ಸಿನಲ್ಲಿ ಹೊರಡುವವರಿದ್ದರು.

ಆದ್ದರಿಂದಲೇ, "ಗೂಡು ಹಾಕಕ್ಕೆ ಹೋಗೋವಾಗ ಅದ್ಯಾಕ್ರೀ ಜೇಬಲ್ಲಿ, ಪೆಟ್ಗೇಲಿಟ್ಟು ಹೋಗಿ" ಅಂತ ಹೆಂಡತಿ ಶ್ಯಾಮಲಮ್ಮ ಬೆಳಗಿನ ಜಾವ ಹೇಳಿದ್ದನ್ನು ಅವನು ಕೇಳಿಸಿಕೊಳ್ಳಲಿಲ್ಲ. ಡಬ್ಬಿ ಗಾಜಿನೊಳಗೆ ಸೇರುವ ಮುಂಚೆ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ಅದನ್ನು ಕೊನೇ ಸಲ ನೋಡಬೇಡವೇ? ಮೊಬೈಲ್ ಹಿಡಿದು ಹರಾಜಿನ ಬೆಲೆ ಒತ್ತುತ್ತಿದ್ದ ರೀಲರುಗಳನ್ನೆಲ್ಲ ತಡೆತಡೆದು ನಿಲ್ಲಿಸಿ, ಮುಚ್ಚಳ ತೆಗೆದು, "ಒಂದು ಚಿಟಿಕೆ ತಗೊಳಿ, ಇನ್ಮೇಲೆ ಬೇಕಂದ್ರೆ ಟಿಕೆಟ್ ತಗೊಂಡು ನೋಡ್ಬೇಕು" ಅಂದಿದ್ದ. ಆಮೇಲೆ ಕೊನೇ ಚೀಲದ ಗೂಡನ್ನು ಕ್ರೇಟಿಗೆ ಸುರಿಯಲು ಬಗ್ಗಿದ್ದ. ಹೋಟೆಲಿನಲ್ಲಿ ಟೀ ಕುಡಿದು ಅಂಗಿಯ ಜೇಬಿಗೆ ಕೈ ಹಾಕಿದರೆ ಜೇಬು ಹಗುರ. ಅಷ್ಟರಲ್ಲಿ ಅವನ ಆರು ಕ್ರೇಟಿನ ಲಾಟು ಹರಾಜಿನಲ್ಲಿ ಖಲೀಮುಲ್ಲಾನಿಗೆ ಹೋಗಿ, ಆಟೋ ಹತ್ತಿ, ಫಿಲೇಚರ್ ಸೇರಿತ್ತು. ಹರಾಜನ್ನು ಬಾಯಲ್ಲಿ ಕೂಗುತ್ತಿದ್ದ ಕಾಲದಿಂದಲೂ ಇವನು ಬೆಳೆದ ಗೂಡನ್ನು ಖಲೀಮುಲ್ಲಾನೇ ಬಿಚ್ಚುತ್ತಿದ್ದ. ಕದ್ದುಕೊಳ್ಳುವವನಲ್ಲ ಅಂತ ವೆಂಕಟರಾಮಪ್ಪನಿಗೆ ಗೊತ್ತು. ಆಡಿಕೊಳ್ಳದೆ ಬಿಡುವವನಲ್ಲ ಅಂತಲೂ ಗೊತ್ತು.

ಐದನೇ ಕ್ರೇಟೂ ಬರಿದಾಯಿತು.

"ಆರನೇದು?" ವೆಂಕಟರಾಮಪ್ಪ ಕೊನೆಗೂ ಬಾಯಿ ಬಿಟ್ಟ.

"ಅದು ಒಲೆ ಮೇಲಿದೆ. ಮೋಡ ಅಲ್ವಾ, ಒಣಗಿಸೋದು ಬೇಡ, ನೇರ ಬೇಯಿಸ್ಬಿಡಣ ಅಂದೆ," ಅಂದ ಖಲೀಮುಲ್ಲಾ, ಮೋಡ ಕವಿದದ್ದೂ ತನ್ನ ತಪ್ಪೇನೋ ಅನ್ನುವ ಹಾಗೆ. "ಆದ್ರೆ ಹೆದರ್ಬೇಡಿ. ಚಿನ್ನ ಬೆಂಕಿಗೇ ಹೆದರಲ್ಲ, ಬಿಸಿನೀರು ಯಾವ ಲೆಕ್ಕ?"

ಒಳಗೆ ಒಲೆಯ ಮುಂದೆ ನಿಂತು ಮಹಮೂದಾ ಜಾಲರಿ ಸೌಟಿನಿಂದ ಗೂಡುಗಳನ್ನು ಮುಳುಗಿಸುತ್ತಿದ್ದಳು. ಅವಳು ಒಂದು ಸಲ ಸೀನಿದಳು. ಮತ್ತೊಂದು ಸಲ. ಮೂರನೆಯದಕ್ಕೆ ಸೌಟು ಕೆಳಗಿಟ್ಟಳು.

"ಅಲ್ಲಾ ಅಣ್ಣಾ, ನೀರು ಯಾಕೆ ಕಷಾಯದ ಬಣ್ಣ ಬಂದೈತೆ ಅಂತ ಆಗ್ಲಿಂದ ನೋಡ್ತಿದೀನಿ. ಗೂಡಿಗೆ ಏನೋ ರೋಗ ಅಂದ್ಕೊಂಡೆ."

"ರೋಗ ಅಲ್ಲ ಮಹಮೂದಾ, ಮನೆತನ," ಅಂದ ಖಲೀಮುಲ್ಲಾ. "ನಾಲ್ಕು ತಲೆಮಾರಿಂದು. ಈ ನೂಲಲ್ಲಿ ಸೀರೆ ನೇಯ್ದ್ರೆ ಉಟ್ಕೊಂಡವ್ಳು ಮದ್ವೆಮನೇಲಿ ಸೀನ್ತಾನೇ ಇರ್ತಾಳೆ."

ಮಹಮೂದಾ ಸೌಟನ್ನು ತಳಕ್ಕೆ ಇಳಿಸಿ ಒಂದು ಸುತ್ತು ತಿರುಗಿಸಿದಳು. ಪಾತ್ರೆಯ ಅಡಿಯಲ್ಲಿ ಠಣ್ ಅಂತ ಸದ್ದಾಯಿತು. ಆ ಸದ್ದಿಗೆ ವೆಂಕಟರಾಮಪ್ಪನ ಕಣ್ಣಲ್ಲಿ ನೀರು ಬಂತು. ಹೊಗೆಗೆ ಅಂತ ಅವನು ಆಮೇಲೆ ಹೇಳಿದ.

"ಇದು ಇನ್ನೆಷ್ಟು ಹೊತ್ತು ಬೇಯ್ಬೇಕು ಅಣ್ಣಾ?"

"ತೆಗ್ಯಮ್ಮ ತಾಯಿ, ತೆಗಿ!"

ಡಬ್ಬಿ ಹಬೆಯಾಡುತ್ತ ಮೇಲೆ ಬಂತು. ಅದರ ಮೈಗೆ ಹತ್ತಾರು ಎಳೆ ಸುತ್ತಿಕೊಂಡಿತ್ತು, ಇನ್ನೊಂದಿಷ್ಟು ಹೊತ್ತು ಬಿಟ್ಟಿದ್ದರೆ ಅದೂ ಒಂದು ಗೂಡಾಗಿಬಿಡುತ್ತಿತ್ತೇನೋ. ಮಹಮೂದಾ ಸೆರಗಿನಲ್ಲಿ ಹಿಡಿದು ಎಳೆ ಬಿಡಿಸಿ, ಬಾಯಿಂದ ಊದಿ, ಒರೆಸಿದಳು. ಹೆಂಗಸರು ಮುಟ್ಟಬಾರದು ಅನ್ನುವ ಮಾತು ವೆಂಕಟರಾಮಪ್ಪನ ನಾಲಿಗೆಯ ತುದಿಯವರೆಗೆ ಬಂದು, ಸಂದರ್ಭ ನೋಡಿಕೊಂಡು ವಾಪಸ್ ಹೋಯಿತು.

ಹೊರಗಡೆ ಒಂದು ಗೀರೂ ಆಗಿರಲಿಲ್ಲ. ಕೊಳೆ ಹೋಗಿ ನೀಲಿ ಇನ್ನೂ ಹೊಳೆಯುತ್ತಿತ್ತು. ಅವನು ಅದನ್ನು ಟವೆಲ್ಲಿನಲ್ಲಿ ಹಿಡಿದು ಬಾಗಿಲಿನ ಬೆಳಕಿಗೆ ತಂದ, ನಿಟ್ಟುಸಿರು ಬಿಟ್ಟ, ಮುಚ್ಚಳ ಎತ್ತಿದ. ಎತ್ತಿದವನು ಬೆಚ್ಚಿದ. ಮುಚ್ಚಳದ ಒಳಗಿನಿಂದ ಯಾರೋ ಅವನನ್ನು ದುರುಗುಟ್ಟಿ ನೋಡುತ್ತಿದ್ದರು. ಒಂದು ಕಣ್ಣು, ಅರ್ಧ ಮೀಸೆ, ಮೀಸೆಗೆ ಸುತ್ತಿಕೊಂಡ ನೂಲು.

ಕನ್ನಡಿ. ಕಲ್ಲಾಗಿದ್ದ ನಶ್ಯವೆಲ್ಲ ಬೆಲ್ಲದ ಹಾಗೆ ಕರಗಿ ಹೋಗಿತ್ತು. ಮುಚ್ಚಳದ ಒಳಗೆ ಚಿನ್ನದ ಕಟ್ಟಿನಲ್ಲಿ ಕೂರಿಸಿದ, ಅಂಚಿನಲ್ಲಿ ಅಲ್ಲಲ್ಲಿ ಮಚ್ಚೆ ಬಿದ್ದ, ಆದರೂ ಮುಖ ಕಾಣುವಂಥ ಕನ್ನಡಿ.

"ಇದೇನಿದು ಗೌಡ್ರೇ?" ಖಲೀಮುಲ್ಲಾ ಕುರ್ಚಿಯಿಂದ ಎದ್ದು ಬಂದು ಇಣುಕಿದ. ತನ್ನ ಗಡ್ಡ ನೀವಿಕೊಂಡ. "ನಶ್ಯ ಏರಿಸಿದ್ಮೇಲೆ ಮೂಗು ಒರೆಸ್ಕೊಂಡ್ರಾ ಇಲ್ವಾ ಅಂತ ನೋಡ್ಕೊಳ್ಳಕ್ಕಾ?"

"ಅದೇ ಇರ್ಬೇಕು," ಅಂದ ವೆಂಕಟರಾಮಪ್ಪ ಗಟ್ಟಿಯಾಗಿ. "ದೊರೆಗಳು ಬೋ ಶುದ್ಧ."

ಅಷ್ಟರಲ್ಲಿ ಬಾಗಿಲ ಮುಂದೆ ಒಂದು ಕಾರು ಬಂದು ನಿಂತಿತು. ಯಾಮಿನಿ ಇಳಿದಳು. ಇನ್ನೊಂದು ಬಾಗಿಲು ತೆರೆದು ಶ್ಯಾಮಲಮ್ಮ ಇಳಿದಳು, ನಿಧಾನವಾಗಿ, ನೆರಿಗೆ ಸರಿ ಮಾಡಿಕೊಂಡು. ಅವಸರವಿಲ್ಲದ ಆ ಇಳಿಯುವಿಕೆಯೇ ವೆಂಕಟರಾಮಪ್ಪನಿಗೆ ಹೆಚ್ಚು ಭಯ ತಂದಿತು.

"ತಾತಾ, ಒಂಬತ್ತು ಸಲ ಫೋನ್ ಮಾಡಿದೀನಿ. ಮನೆಗೆ ಹೋದ್ರೆ ನೀವಿಲ್ಲ. ಖಲೀಮ್ ತಾತನ ಹತ್ರ ಇರ್ತೀರ ಅಂತ ಅಜ್ಜಿ ಕರ್ಕೊಂಡು ಬಂದ್ರು. ಡಬ್ಬಿ ಎಲ್ಲಿ?"

ಡಬ್ಬಿ ಅವನ ಕೈಯಲ್ಲೇ ಇತ್ತು, ತೆರೆದ ಬಾಯಿ ಹಾಗೇ. ಅವನದೂ ಹಾಗೇ ಇತ್ತು.

ಯಾಮಿನಿ ಚೀಲದಿಂದ ನೀಲಿ ಕೈಗವಸು ತೆಗೆದು ಹಾಕಿಕೊಂಡು, ಡಬ್ಬಿಯನ್ನು ಎಳೇ ಕೂಸನ್ನು ಎತ್ತುವ ಹಾಗೆ ಎತ್ತಿಕೊಂಡಳು. ಎತ್ತಿಕೊಂಡವಳು ಮೂಸಿದಳು.

"ಬಿಸಿ ಇದೆ! ತಾತಾ, ಇದನ್ನ ಕ್ಲೀನ್ ಮಾಡಿದ್ರಾ? ಯಾವುದ್ರಲ್ಲಿ ಮಾಡಿದ್ರಿ?"

"ಬೇಯ್ಸಿದ್ವಿ," ಅಂದಳು ಮಹಮೂದಾ, ಅದರಲ್ಲೇನು ವಿಶೇಷ ಅನ್ನುವ ಹಾಗೆ.

"ಬೇಯ್ಸಿದ್ರಾ?"

"ಗೂಡಿನ ಜೊತೆ. ಅರ್ಧ ಗಂಟೆ."

ಯಾಮಿನಿಯ ಮುಖದಲ್ಲಿ ಓದಿದ್ದೆಲ್ಲ ಒಂದು ಸಲ ಬಂದು ಹೋಯಿತು. ಏನೋ ಹೇಳಹೊರಟವಳು ಬಿಟ್ಟು, ಸಣ್ಣ ಮಸೂರವನ್ನು ಕಣ್ಣಿಗೆ ಹಿಡಿದು ಡಬ್ಬಿಯ ಮೇಲೆ ಬಗ್ಗಿದಳು. ಮುಚ್ಚಳ ನೋಡಿದಳು, ಕನ್ನಡಿ ನೋಡಿದಳು, ಒಳಗಿನ ಎರಡು ಅರೆ ನೋಡಿದಳು, ಮತ್ತೆ ಮುಚ್ಚಳ. ಗೂಡಿನ ನೀರಿನ ವಾಸನೆ ತುಂಬಿದ್ದ ಆ ಕೋಣೆಯಲ್ಲಿ ಶ್ಯಾಮಲಮ್ಮ ಅಷ್ಟರಲ್ಲಿ ಗಂಡನ ಮೀಸೆಯಲ್ಲಿದ್ದ ನೂಲನ್ನು ಎರಡು ಬೆರಳಲ್ಲಿ ಎಳೆದು ತೆಗೆದಳು. ಎಳೆದದ್ದು ಸ್ವಲ್ಪ ಜೋರಾಯಿತು.

"ತಾತಾ," ಅಂದಳು ಯಾಮಿನಿ ಕೊನೆಗೆ. ಅವಳ ಧ್ವನಿಯಲ್ಲಿ ಸಂತೋಷವಿತ್ತು, ಅದನ್ನು ಅಡಗಿಸುವ ಕಷ್ಟವೂ ಇತ್ತು. "ಇದು ನಶ್ಯದ ಡಬ್ಬಿ ಅಲ್ಲ."

"ಹಂಗಂದ್ರೆ?"

"ಇದು ಹೆಂಗಸರ ಅಲಂಕಾರದ ಡಬ್ಬಿ. ಇನ್ನೂರೈವತ್ತು ವರ್ಷದ ಹಿಂದಿಂದಿರಬೇಕು, ಫ್ರಾನ್ಸ್ ಕಡೇದು. ಆಗ ದೊಡ್ಡ ಮನೆ ಹೆಂಗಸ್ರು ಕೆನ್ನೆಗೆ, ತುಟಿ ಪಕ್ಕಕ್ಕೆ ಕಪ್ಪು ಚುಕ್ಕಿ ಅಂಟಿಸ್ಕೊಳ್ತಿದ್ರು. ಕಪ್ಪು ರೇಷ್ಮೆ ಬಟ್ಟೇಲಿ ಕತ್ತರಿಸಿದ ಚುಕ್ಕಿ. ಈ ಕಡೆ ಅರೇಲಿ ಚುಕ್ಕಿ, ಆ ಕಡೇಲಿ ಕೆನ್ನೆಗೆ ಹಚ್ಚೋ ಕೆಂಪು. ಅಂಟಿಸ್ಕೊಳ್ಳೋವಾಗ ನೋಡ್ಕೊಳ್ಳಕ್ಕೆ ಕನ್ನಡಿ."

"ರೇಷ್ಮೆನಾ!" ಖಲೀಮುಲ್ಲಾನಿಗೆ ಅದೊಂದೇ ಸಾಕಾಯಿತು. "ನೋಡಿ, ಅದಕ್ಕೇ ನನ್ನ ಫಿಲೇಚರ್ ಹುಡುಕ್ಕೊಂಡು ಬಂದೈತೆ."

"ದೃಷ್ಟಿಬೊಟ್ಟು ಅನ್ನು," ಅಂದಳು ಶ್ಯಾಮಲಮ್ಮ.

"ಹೂಂ ಅಜ್ಜಿ, ಹೆಚ್ಚುಕಮ್ಮಿ ಅದೇ. ಆದ್ರೆ ಅವ್ರು ಇಟ್ಕೊಳ್ತಿದ್ದದ್ದು ದೃಷ್ಟಿ ತಾಗ್ಲಿ ಅಂತ."

ಮಹಮೂದಾ ಸೆರಗು ಬಾಯಿಗೆ ಹಿಡಿದುಕೊಂಡಳು.

ವೆಂಕಟರಾಮಪ್ಪ ಅಷ್ಟು ಸುಲಭಕ್ಕೆ ಸೋಲುವವನಲ್ಲ. "ಮೇಲಿರೋ ಚಿತ್ರ ನೋಡಮ್ಮ," ಅಂದ. "ಆಯಮ್ಮ ಎರಡು ಬೆರಳಲ್ಲಿ ನಶ್ಯ ಏರಿಸ್ತಾ ಇಲ್ವಾ? ಬೊಟ್ಟಿನ ಡಬ್ಬಿ ಮೇಲೆ ನಶ್ಯ ಸೇದೋಳ ಚಿತ್ರ ಯಾಕೆ ಬರೀತಾರೆ?"

ಯಾಮಿನಿ ಡಬ್ಬಿಯನ್ನೂ ಮಸೂರವನ್ನೂ ಅವನ ಕೈಗೆ ಕೊಟ್ಟಳು. ಅವನು ಬಗ್ಗಿದ. ಬಿಸಿನೀರು ಚಿತ್ರದ ಮೇಲಿನ ಮಬ್ಬನ್ನೂ ಒಯ್ದಿತ್ತು. ಅರವತ್ತು ವರ್ಷದಿಂದ ತನಗೆ ಪರಿಚಯವಿದ್ದ ದೊರೆಸಾನಿಯ ಮೂಗಿನ ಕೆಳಗೆ ಬೆರಳಿರಲಿಲ್ಲ. ಬೆರಳು ಕೆನ್ನೆಯ ಹತ್ತಿರ ಇತ್ತು. ಬೆರಳ ತುದಿಯಲ್ಲಿ ಎಳ್ಳಿಗಿಂತ ಸಣ್ಣದೊಂದು ಕಪ್ಪು ಚುಕ್ಕಿ. ಅವಳೆದುರಿನ ಮೇಜಿನ ಮೇಲೆ ಪುಟ್ಟ ಕನ್ನಡಿ. ಅವಳು ನಗುತ್ತಿದ್ದಳು ಕೂಡ. ಇಷ್ಟು ದಿನ ಅದು ಸೀನು ಬರುವ ಮುಂಚಿನ ಮುಖ ಅಂತ ಅವನು ಎಲ್ಲರಿಗೂ ವಿವರಿಸಿದ್ದ.

"ಕರಡಿ ಹೊಡೆದವ್ನಿಗೆ ಯಾವನಾದ್ರೂ ಬೊಟ್ಟಿನ ಡಬ್ಬಿ ಕೊಡ್ತಾನಾ?" ಅಂದ. ಕೇಳಿದ್ದು ಯಾರನ್ನು ಅಂತ ಅವನಿಗೇ ಗೊತ್ತಿರಲಿಲ್ಲ.

"ಕರಡಿ ಹೆಣ್ಣಾಗಿತ್ತೇನೋ," ಅಂದ ಖಲೀಮುಲ್ಲಾ.

"ನೀನು ಒಂದ್ನಿಮಿಷ ಸುಮ್ನಿರಪ್ಪ!"

ಯಾಮಿನಿ ಕೈಗವಸು ಬಿಚ್ಚಿ ಮೊಬೈಲ್ ತೆಗೆದಳು. ಕರುಣೆಯ ಹುಡುಗಿ. ಆದರೆ ಕೆಲಸದಲ್ಲಿ ಶ್ಯಾಮಲಮ್ಮನ ಹಾಗೆಯೇ, ನೂಲು ಹಿಡಿದು ನೇರ ಎಳೆಯುವವಳು. "ತಾತಾ, ಇದು ನಶ್ಯದ ಡಬ್ಬಿಗಿಂತ ಅಪರೂಪದ್ದು, ಗೊತ್ತಾ? ಕನ್ನಡಿ ಸಮೇತ ಉಳಿದಿರೋದು ತುಂಬಾ ಕಮ್ಮಿ. ನಿಮ್ಮ ನಶ್ಯಾನೇ ಅದನ್ನ ಕಾಪಾಡಿದೆ. ಫಲಕ ಮಾತ್ರ ಬದಲಾಯಿಸ್ಬೇಕು. ಸಂಜೆ ಐದಕ್ಕೆ ಪ್ರಿಂಟಿಗೆ ಹೋಗುತ್ತೆ." ಹೆಬ್ಬೆರಳಲ್ಲಿ ಪಟಪಟನೆ ಒತ್ತಿ ಓದಿದಳು: "'ಕೆನ್ನೆಬೊಟ್ಟಿನ ಡಬ್ಬಿ. ಚಿನ್ನ, ಮೀನಾಕಾರಿ. ಸ್ತ್ರೀಯರ ಅಲಂಕಾರಕ್ಕೆ. ಮುಂದೆ ಸಾದಲಿಯಲ್ಲಿ ನಶ್ಯಕ್ಕೆ ಬಳಕೆ. ಸಂಗ್ರಹ: ವೆಂಕಟರಾಮಪ್ಪ.'"

ಆ ಸಾಲುಗಳನ್ನು ವೆಂಕಟರಾಮಪ್ಪ ಮನಸ್ಸಿನಲ್ಲೇ ಇಪ್ಪತ್ತಾರು ಬಾಯಲ್ಲಿ ಕೇಳಿದ. ಮಿನಿಬಸ್ಸಿನ ಹಿಂದಿನ ಸೀಟಿನಲ್ಲಿ ಕೂರುವ ಮೂವರ ಬಾಯಲ್ಲಿ ಕೇಳಿದ್ದು ಎಲ್ಲಕ್ಕಿಂತ ಕೆಟ್ಟದಾಗಿತ್ತು. ಗೌಡ್ರು ಇಷ್ಟು ವರ್ಷ ಹೆಂಗಸರ ಬೊಟ್ಟಿನ ಡಬ್ಬಿ ಸೊಂಟಕ್ಕೆ ಸಿಗಿಸ್ಕೊಂಡು ಪಂಚಾಯ್ತಿ ಮಾಡಿದ್ರಂತೆ! ಈ ಮಾತು ಬಸ್ಸು ಸಾದಲಿಗೆ ವಾಪಸ್ ಬರುವ ಮೊದಲೇ ಸಾದಲಿ ಸೇರುತ್ತಿತ್ತು.

"ನಶ್ಯದ ಡಬ್ಬಿ ಅಂತಾನೇ ಇರ್ಲಿ ಬಿಡಮ್ಮ."

"ಸುಳ್ಳಾಗುತ್ತೆ ತಾತ."

"ಎರಡು ಪದ ಸುಳ್ಳಾದ್ರೆ ಏನ್ ಮುಳುಗೋಗ್ತದೆ?"

"ಇರೋದೇ ಎರಡು ಪದ ತಾತ."

"ಮೊದಲು ನಶ್ಯಕ್ಕೆ, ಆಮೇಲೆ ಬೊಟ್ಟಿಗೆ ಅಂತ ಬರಿ. ಹಿಂದು ಮುಂದು ಮಾಡು."

"ಯಾರು ಬೊಟ್ಟಿಗೆ ಬಳಸಿದ್ದು ಆಮೇಲೆ? ನೀವಾ?"

ಖಲೀಮುಲ್ಲಾ ಇಷ್ಟು ಹೊತ್ತು ಸುಮ್ಮನಿದ್ದದ್ದೇ ಹೆಚ್ಚು. "ಗೌಡ್ರಿಗೆ ಒಪ್ತದೆ," ಅಂದ, "ಬಲಗೆನ್ನೆಗೆ."

"ಕೊಡೋದೇ ಇಲ್ಲ ಅಂದ್ರೆ?" ವೆಂಕಟರಾಮಪ್ಪ ಡಬ್ಬಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡ.

"ನಿಮ್ಮಿಷ್ಟ. ಬಲವಂತ ಇಲ್ಲ. ಗಾಜಿನ ಪೆಟ್ಟಿಗೆ ಖಾಲಿ ಇರುತ್ತೆ. ಬಸ್ಸಲ್ಲಿ ಬರೋರಿಗೆ ನೀವೇ ಏನಾದ್ರೂ ಹೇಳ್ಕೋಬೇಕು."

ಅವನು ಅದನ್ನೂ ಯೋಚಿಸಿದ. ಕಳ್ಳತನವಾಯಿತು ಅನ್ನಬಹುದು, ಆದರೆ ಪೊಲೀಸರು ಬರುತ್ತಾರೆ. ಹರಕೆ ಹೊತ್ತು ದೇವರ ಹುಂಡಿಗೆ ಹಾಕಿದೆ ಅನ್ನಬಹುದು, ಆದರೆ ಪೂಜಾರಿ ಊರಲ್ಲೇ ಇದ್ದಾನೆ. ಗೂಡಿನ ಜೊತೆ ಬೆಂದುಹೋಯಿತು ಅನ್ನಬಹುದು. ಇದ್ದ ಕಥೆಗಳಲ್ಲಿ ಯಾರೂ ನಂಬಲಾರದ್ದು ಅದೊಂದೇ. ಯಾಮಿನಿ ಅಷ್ಟರಲ್ಲಿ ಚೀಲದಿಂದ ಅರ್ಜಿ ತೆಗೆದು ಕುರ್ಚಿಯ ಮೇಲಿಟ್ಟು ಪೆನ್ನಿನ ಮುಚ್ಚಳ ತೆಗೆದಿದ್ದಳು. ವಸ್ತುವಿನ ಹೆಸರು. ಅಳತೆ. ಮಾಲೀಕರ ಹೆಸರು. ಸಹಿ.

ಮಾಲೀಕರ ಹೆಸರು ಅನ್ನುವ ಸಾಲಿನ ಮುಂದೆ ಇನ್ನೂ ಖಾಲಿ ಜಾಗವಿತ್ತು. ವೆಂಕಟರಾಮಪ್ಪ ಆ ಖಾಲಿ ಜಾಗವನ್ನು ನೋಡುತ್ತ ನಿಂತ. ನೋಡನೋಡುತ್ತ ಅವನ ಮುಖ ತಿಳಿಯಾಯಿತು. ಬೆನ್ನು ನೆಟ್ಟಗಾಯಿತು. ಮೂವತ್ತು ವರ್ಷದಿಂದ ಆ ಮುಖವನ್ನು ಹರಾಜುಕಟ್ಟೆಯಲ್ಲಿ ನೋಡಿದ್ದ ಖಲೀಮುಲ್ಲಾ, ಏನೋ ಲಾಟು ಬದಲಾಗುತ್ತಿದೆ ಅಂತ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡ.

"ಅಲ್ಲಮ್ಮ ಯಾಮಿನಿ," ಅಂದ ವೆಂಕಟರಾಮಪ್ಪ, ಪಂಚಾಯ್ತಿಗೆ ಕೂತಾಗಿನ ಧ್ವನಿಯಲ್ಲಿ. "ಹೆಂಗಸರ ಡಬ್ಬಿ ಅಂದ್ಮೇಲೆ ಅದು ಹೆಂಗಸರದ್ದೇ ಆಗ್ಬೇಕಲ್ವಾ? ನ್ಯಾಯ ಅಂದ್ರೆ ನ್ಯಾಯ. ಇಷ್ಟು ದಿನ ನಾವು ಗಂಡಸ್ರು ತಿಳೀದೆ ಇಟ್ಕೊಂಡಿದ್ವಿ. ಇನ್ಮೇಲೆ ನಿಮ್ಮಜ್ಜಿಗೆ ಸೇರ್ಲಿ. ಮಾಲೀಕರು ಶ್ಯಾಮಲಮ್ಮ ಅಂತ ಬರ್ಕೊ. ಫಲಕದಲ್ಲೂ ಅಷ್ಟೇ, ಸಂಗ್ರಹ: ಶ್ಯಾಮಲಮ್ಮ. ನನ್ನ ಹೆಸರು ಎಲ್ಲೂ ಬ್ಯಾಡ."

"ಎಲ್ಲೂ?" ಅಂದಳು ಯಾಮಿನಿ.

"ಎಲ್ಲೂ ಬ್ಯಾಡ. ನಾನು ದೊಡ್ಡೋನು ಅನ್ನಿಸ್ಕೋಬೇಕು ಅಂತೇನಿಲ್ಲ."

"ವಾಹ್," ಅಂದ ಖಲೀಮುಲ್ಲಾ. ಅವನಿಗೆ ನಿಜವಾಗಿಯೂ ಮೆಚ್ಚುಗೆಯಾಗಿತ್ತು.

ಯಾಮಿನಿ ಅಜ್ಜಿಯ ಕಡೆ ತಿರುಗಿದಳು. ಮಹಮೂದಾ ಒಲೆಯನ್ನು ಸಣ್ಣ ಮಾಡಿ ಬಂದು ಬಾಗಿಲಿಗೆ ಒರಗಿದಳು. ಶ್ಯಾಮಲಮ್ಮ ನೆಲದ ಮೇಲೆ ಚೆಲ್ಲಿದ್ದ ಗೂಡುಗಳನ್ನು ಕ್ರೇಟಿಗೆ ತುಂಬುತ್ತಿದ್ದಳು, ತಾನೇ ಬೆಳೆದ ಗೂಡು ಕಾಲಡಿ ಬೀಳುವುದು ಅವಳಿಗೆ ಆಗುತ್ತಿರಲಿಲ್ಲ. ಸೊಪ್ಪು ಕೊಯ್ದು, ಹುಳಕ್ಕೆ ಹಾಕಿ, ರಾತ್ರಿ ಎದ್ದು ಮತ್ತೆ ಹಾಕಿ, ಆ ಗೂಡಿನಲ್ಲಿ ಅವಳ ಕೈ ತಾಗದ್ದು ಒಂದೂ ಇರಲಿಲ್ಲ. ತಲೆಯೆತ್ತದೆಯೇ ಕೇಳಿದಳು:

"ಬಸ್ಸಲ್ಲಿ ಇಪ್ಪತ್ತಾರು ಜನಾನೂ ಬರ್ತಾರಾ?"

"ಬರ್ತಾರೆ."

"ಯಾರದಿದು ಅಂದ್ರೆ ಏನಂತೀರ?"

"ನಮ್ಮನೆಯವಳದ್ದು ಅಂತೀನಿ. ತಲೆ ಎತ್ಕೊಂಡು ಹೇಳ್ತೀನಿ."

"ಅದ್ರಲ್ಲಿ ನಶ್ಯ ಹಾಕ್ಕೊಂಡಿದ್ದು ಯಾರು ಅಂದ್ರೆ?"

ವೆಂಕಟರಾಮಪ್ಪ ಮೀಸೆ ನೀವಿಕೊಂಡ. "ನೀನೇ ಹಾಕ್ಕೊಳಿ ಅಂತ ಕೊಟ್ಟಿದ್ದೆ... ಬ್ಯಾಡ ಅನ್ನಕ್ಕಾಗ್ದೆ ನಾನು ಹಾಕ್ಕೊಂಡೆ... ಅಂತ."

"ಓಹೋ."

"ಹೆಂಡ್ತಿ ಮಾತು ಮೀರ್ಲಿಲ್ಲ ಅಂತ ಜನಾನೂ ಮೆಚ್ಕೊಳ್ತಾರೆ ಕಣೇ."

ಶ್ಯಾಮಲಮ್ಮ ಕೊನೇ ಬೊಗಸೆ ಗೂಡನ್ನು ಕ್ರೇಟಿಗೆ ಹಾಕಿ, ಕೈ ಕೊಡವಿ ಎದ್ದು ನಿಂತಳು. ಮಾತು ಗೆದ್ದಂತೆಯೇ ಎಂದು ವೆಂಕಟರಾಮಪ್ಪನಿಗೆ ಅನ್ನಿಸಿತು. ಅವನು ಡಬ್ಬಿಯನ್ನು ಟವೆಲ್ಲಿನಲ್ಲಿ ಮತ್ತೊಮ್ಮೆ ಒರೆಸಿದ. ನೀಲಿ ಬೆಳಕಿಗೆ ಅಲೆಯಾಡಿತು. ಎರಡೂ ಅಂಗೈ ಜೋಡಿಸಿ, ಅದನ್ನು ನಡುವೆ ಇಟ್ಟು, ತಾಂಬೂಲ ಕೊಡುವ ಹಾಗೆ ಅವಳ ಮುಂದೆ ಚಾಚಿದ. ನಲ್ಲಪ್ಪನ ಮನೆಯಲ್ಲಿ ಯಾವ ಯಜಮಾನನೂ ಮಾಡದ ಕೆಲಸವನ್ನು ತಾನು ಮಾಡುತ್ತಿದ್ದೇನೆ ಅಂತ ಅವನಿಗೆ ಅನ್ನಿಸಿತು. ಮೊದಲು ತಂತ್ರವಾಗಿದ್ದದ್ದು ಆ ಗಳಿಗೆಯಲ್ಲಿ ಮುಕ್ಕಾಲು ಪಾಲು ನಿಜವೇ ಆಗಿಬಿಟ್ಟಿತ್ತು.

"ತಗೊಳ್ಳೇ," ಅಂದ. "ನಿನ್ನ ಹೆಸ್ರು ಗಾಜಿನ ಪೆಟ್ಗೆ ಪಕ್ಕ, ಲೈಟ್ ಹಾಕಿ ಇಟ್ಟಿರ್ತಾರೆ. ಡಬ್ಬಿನೂ ನಿಂದೇ, ಇನ್ನು ನಾನು ಮುಟ್ಟಲ್ಲ. ತಗೋ."

ಶ್ಯಾಮಲಮ್ಮ ಡಬ್ಬಿಯನ್ನು ನೋಡಿದಳು. ಆಮೇಲೆ ಗಂಡನ ಮುಖ ನೋಡಿದಳು. ಕೈಯನ್ನು ಸೆರಗಿಗೆ ಒರೆಸಿಕೊಂಡಳು, ಚಾಚಲಿಲ್ಲ.

"ಬ್ಯಾಡ," ಅಂದಳು. "ಡಬ್ಬಿನೂ ಬ್ಯಾಡ, ಹೆಸ್ರೂ ಬ್ಯಾಡ. ಜನ ಹೊಗಳೋವರ್ಗೂ ನಿಮ್ದು, ನಗೋವಾಗ ನಂದಾ?"